ಬಾಗಿಲು ಮುಚ್ಚಿದ ಕಂಪನಿಯ ಹೆಸರು ಬೀದಿಗೆ ಬಿದ್ದ ಆಸ್ತಿಯಲ್ಲ

ಮಾನ್ಯ ಸಂಪಾದಕರೇ,

ಎರಡು ತಿಂಗಳ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಮೈಸೂರಿನ ಲೇಬಲ್‌ಗಳ ಬಗ್ಗೆ ಒಂದು ಬರಹ ಬಂದಿತ್ತು. ಅದನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಗೆ. ಊದುಬತ್ತಿಯ ಪೊಟ್ಟಣ, ಹಲ್ಲುಪುಡಿಯ ಡಬ್ಬಿ, ಬೀಡಿ ಕಟ್ಟಿನ ಚೀಟಿ, ಹೀಗೆ ನೀವು ಅಚ್ಚು ಮಾಡಿದ್ದ ಚಿತ್ರಗಳಲ್ಲಿ ಮೂರು ನನ್ನ ಯಂತ್ರದಿಂದಲೇ ಹೊರಬಂದವು. ಎರಡನೆಯ ಸಲ ಓದಿದ್ದು ಕೊನೆಯ ಸಾಲು ಮೈಯುರಿಸಿದ್ದರಿಂದ. ಈ ಹೆಸರುಗಳಿಗೆ ಈಗ ಕೇಳುವವರಿಲ್ಲ, ಉತ್ಸಾಹವಿರುವ ಯಾರು ಬೇಕಾದರೂ ಎತ್ತಿಕೊಂಡು ಮತ್ತೆ ಬಳಕೆಗೆ ತರಬಹುದು ಎಂಬ ಅರ್ಥದ ಸಾಲು ಅದು. ಬರೆದವರ ಮನಸ್ಸು ಒಳ್ಳೆಯದೇ ಇರಬೇಕು. ಆದರೆ ಆ ಸಾಲನ್ನು ನಂಬಿದ ಹುಡುಗನೊಬ್ಬ ಅದೇ ವಾರ ಪತ್ರಿಕೆಯ ತುಣುಕನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ನನ್ನ ಪ್ರೆಸ್ಸಿನ ಮೆಟ್ಟಿಲು ಹತ್ತಿದ. ಆಗಲೇ ಬರೆಯಬೇಕಿತ್ತು. ಅವನ ಕೆಲಸ ಒಂದು ದಡ ಮುಟ್ಟಲಿ ಎಂದು ಕಾದೆ. ಪೂರ್ತಿ ಮುಟ್ಟಿಲ್ಲ. ಆದರೂ ಬರೆಯುತ್ತಿದ್ದೇನೆ. ದೀರ್ಘವಾಯಿತು ಅನ್ನಿಸಿದರೆ ಕತ್ತರಿಸಿ, ಆದರೆ ಕಾನೂನಿನ ಭಾಗವನ್ನು ಮಾತ್ರ ಕತ್ತರಿಸಬೇಡಿ.

ನಾನು ವಕೀಲನಲ್ಲ. 1979ರಲ್ಲಿ ಶಿವರಾಂಪೇಟೆಯ ಒಂದು ಟ್ರೆಡಲ್ ಪ್ರೆಸ್ಸಿಗೆ ಕಾಗದ ಜೋಡಿಸುವ ಹುಡುಗನಾಗಿ ಸೇರಿದವನು. ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತು, ಆಮೇಲೆ ಆಫ್‌ಸೆಟ್ ಕಲಿತು, ಈಗ ಎರಡು ಯಂತ್ರಗಳ ಸಣ್ಣ ಪ್ರೆಸ್ಸಿನ ಯಜಮಾನ. ಮದುವೆ ಪತ್ರಿಕೆ, ಬಿಲ್ ಪುಸ್ತಕ ಎಲ್ಲ ಮಾಡುತ್ತೇವೆ. ಆದರೆ ಅನ್ನ ಹಾಕಿದ್ದು ಊದುಬತ್ತಿಯ ಲೇಬಲ್. ಮೈಸೂರಿನಲ್ಲಿ ಲೇಬಲ್ ಮುದ್ರಕನಾಗಿ ಬದುಕಿದವನ ಬಟ್ಟೆಗೆ ಇಂಕಿನ ವಾಸನೆ ಇರುವುದಿಲ್ಲ, ಗಂಧದ ವಾಸನೆ ಇರುತ್ತದೆ.

ಹುಡುಗ ನಂಜನಗೂಡಿನವನು. ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾನೆ. ಅಜ್ಜಿಯ ಮನೆಯ ಅಟ್ಟದಲ್ಲಿ ಸಿಕ್ಕಿದ ಹಳೆಯ ಊದುಬತ್ತಿ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು, “ಸಾರ್, ಇದನ್ನು ಹೀಗೆಯೇ ಮಾಡಿಕೊಡಬೇಕು. ಬಣ್ಣ, ಅಕ್ಷರ, ಒಂದು ಚುಕ್ಕೆ ಕೂಡ ಬದಲಾಗಬಾರದು. ಜನಕ್ಕೆ ಹಳೆಯದೇ ಮತ್ತೆ ಬಂತು ಅನ್ನಿಸಬೇಕು” ಎಂದ. ಆ ಡಬ್ಬಿ ನೋಡಿ ನನಗೂ ಗಂಟಲು ಕಟ್ಟಿತು. ಕೆಲಸ ಕಲಿತ ದಿನಗಳಲ್ಲಿ ಆ ಲೇಬಲಿನ ನಾಲ್ಕು ಬಣ್ಣಗಳನ್ನು ಒಂದರ ಮೇಲೊಂದು ಕೂರಿಸಲು ಎಷ್ಟು ರೀಮು ಕಾಗದ ಹಾಳು ಮಾಡಿ ಬೈಸಿಕೊಂಡಿದ್ದೆನೋ! ಆ ವ್ಯಾಪಾರ ನಿಂತು ಇಪ್ಪತ್ತು ವರ್ಷ ದಾಟಿದೆ. ಹೆಸರು ಇಲ್ಲಿ ಬರೆಯುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ.

“ಹೆಸರು ಯಾರದು?” ಎಂದು ಕೇಳಿದೆ.

“ಯಾರದೂ ಅಲ್ಲ ಸಾರ್, ಕಂಪನಿ ಮುಚ್ಚಿಹೋಗಿದೆ” ಎಂದು ನಿಮ್ಮ ಪತ್ರಿಕೆಯ ತುಣುಕು ತೋರಿಸಿದ.

ಮನೆಗೆ ಬೀಗ ಬಿದ್ದಿದೆ ಎಂದು ಮನೆ ನಮ್ಮದಾಗುತ್ತದೆಯೇನಪ್ಪ ಎಂದೆ. ಅವನಿಗೆ ಅದು ಮುದುಕನ ಗೊಣಗಾಟದಂತೆ ಕೇಳಿಸಿತು, ಅವನ ಮುಖವೇ ಹೇಳುತ್ತಿತ್ತು. ಆದ್ದರಿಂದ ಬಾಯಿಮಾತು ಬಿಟ್ಟು ಡಬ್ಬಿಯನ್ನು ದೀಪದ ಕೆಳಗಿಟ್ಟು, ಬಣ್ಣದ ಚುಕ್ಕೆ ಪರೀಕ್ಷಿಸುವ ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟೆ. ಒಂದು ಅಂಗೈ ಅಗಲದ ಕಾಗದದಲ್ಲಿ ಎಷ್ಟು ತಂಟೆಗಳಿವೆ ಎಂಬುದನ್ನು ಇಬ್ಬರೂ ಕೂತು ನೋಡಿದೆವು.

ಹೆಸರಿನ ಬಲಗಡೆ ವೃತ್ತದೊಳಗೆ ಒಂದು ಪುಟ್ಟ ‘ಆರ್’ ಇದೆ. ನೋಂದಾಯಿತ ಎಂದು ಅದರ ಅರ್ಥ. ಹುಡುಗ ‘ಒಂದು ಚುಕ್ಕೆ ಕೂಡ ಬದಲಾಗಬಾರದು’ ಎಂದನಲ್ಲ, ಆ ‘ಆರ್’ ಹಾಗೆಯೇ ಅಚ್ಚಾದರೆ, ನೋಂದಣಿಯಿಲ್ಲದ ಹೆಸರನ್ನು ನೋಂದಣಿಯಾಗಿದೆ ಎಂದು ತೋರಿಸಿದ ಹಾಗಾಗುತ್ತದೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 107ನೇ ಕಲಮು ಅದನ್ನು ನಿಷೇಧಿಸಿದೆ. ಕೆಳಗೆ ಅರ್ಧ ಚಂದ್ರಾಕಾರದಲ್ಲಿ ‘ಸ್ಥಾಪನೆ 1951’ ಎಂದಿದೆ. ಸ್ಥಾಪನೆಯಾಗಿದ್ದು ಅವರದು, ಇವನದಲ್ಲ. ಇವನ ತಂದೆಯೇ ಆಗ ಹುಟ್ಟಿರಲಿಲ್ಲ. ಎಡಗಡೆ ದಸರಾ ವಸ್ತುಪ್ರದರ್ಶನದಲ್ಲಿ ಸಿಕ್ಕಿದ ಪದಕದ ಎರಡು ಮುಖಗಳ ಚಿತ್ರ. ಆ ಕಾಲದ ಮೈಸೂರಿನವರಿಗೆ ವಸ್ತುಪ್ರದರ್ಶನದ ಪದಕ ಎಂದರೆ ಏನು ಎಂದು ಹೇಳಬೇಕಾಗಿಲ್ಲ. ಬೇರೆಯವರು ಗೆದ್ದ ಪದಕವನ್ನು ತನ್ನ ಬತ್ತಿಯ ಮೇಲೆ ಹಾಕಿಕೊಂಡರೆ ಅದು ಸರಕಿನ ಬಗ್ಗೆ ಸುಳ್ಳು ವಿವರಣೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿಯೂ ಜನರನ್ನು ದಾರಿ ತಪ್ಪಿಸುವ ಜಾಹೀರಾತಿಗೆ ದಂಡವಿದೆ. ಇನ್ನು ಹಿಂಬದಿಯಲ್ಲಿ ಹಳೆಯ ಕಾರ್ಖಾನೆಯ ವಿಳಾಸ. ಪೊಟ್ಟಣದ ಮೇಲೆ ನಿಜವಾಗಿ ತಯಾರಿಸಿದವರ ಹೆಸರು, ವಿಳಾಸ ಇರಬೇಕೆಂಬುದು 2011ರಿಂದ ಜಾರಿಯಲ್ಲಿರುವ ಪೊಟ್ಟಣ ಸಾಮಗ್ರಿಗಳ ನಿಯಮ. ಆ ವಿಳಾಸದಲ್ಲಿ ಈಗ ಕಲ್ಯಾಣ ಮಂಟಪವಿದೆ.

ಇವೆಲ್ಲ ಅಳಿಸಿದರೆ ಹೋಗುವ ತೊಂದರೆಗಳು. ನಡುವೆ ಕೂತಿರುವ ಹೆಂಗಸಿನ ಚಿತ್ರ ಹಾಗಲ್ಲ. ಕೈಯಲ್ಲಿ ದೀಪ, ಮುಡಿಯಲ್ಲಿ ಮಲ್ಲಿಗೆ, ಹಿಂದೆ ಕಮಾನು. ಅದನ್ನು ಬರೆದ ಕಲಾವಿದರನ್ನು ನಾನು ನೋಡಿದ್ದೇನೆ. ಸೈಕಲ್ಲಿನ ಕ್ಯಾರಿಯರ್‌ಗೆ ರಟ್ಟಿನ ಹಾಳೆ ಕಟ್ಟಿಕೊಂಡು ಬರುತ್ತಿದ್ದರು, ಚಿತ್ರಕ್ಕೆ ಇಷ್ಟು ಎಂದು ದುಡ್ಡು ಪಡೆಯುತ್ತಿದ್ದರು. ಯಾರ ಸಂಬಳದ ನೌಕರರೂ ಅಲ್ಲ. 1994ರಲ್ಲಿ ತೀರಿಕೊಂಡರು. ಲೇಬಲಿನ ಚಿತ್ರ ಕಾನೂನಿನ ಕಣ್ಣಿಗೆ ಒಂದು ಕಲಾಕೃತಿ. ಅದರ ಕೃತಿಸ್ವಾಮ್ಯ ಕಲಾವಿದರ ಜೀವಮಾನ ಮತ್ತು ಆಮೇಲೆ 60 ವರ್ಷ, ಅಂದರೆ 2054ರ ಕೊನೆಯವರೆಗೆ. ದುಡ್ಡು ಕೊಟ್ಟು ಬರೆಸಿದ ವರ್ಣಚಿತ್ರವಾದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಹಕ್ಕು ಬರೆಸಿದವರದು ಎಂದು ಕೃತಿಸ್ವಾಮ್ಯದ ಕಾಯ್ದೆ ಹೇಳುತ್ತದೆ. ಅಕ್ಷರ, ಅಂಚಿನ ಬಳ್ಳಿ, ಒಟ್ಟು ಜೋಡಣೆ ‘ವರ್ಣಚಿತ್ರ’ವೋ ಅಲ್ಲವೋ ಎಂದು ಇಬ್ಬರು ವಕೀಲರು ಒಂದು ಮಧ್ಯಾಹ್ನ ಪೂರ್ತಿ ವಾದಿಸಬಹುದು. ಯಾರು ಗೆದ್ದರೂ ಚಿತ್ರ ಒಂದೋ ಹಳೆಯ ವ್ಯಾಪಾರದವರ ಕಡೆ ಹೋಗುತ್ತದೆ, ಇಲ್ಲವೇ ಕಲಾವಿದರ ಮಕ್ಕಳ ಕಡೆ. ಅಟ್ಟದಲ್ಲಿ ಡಬ್ಬಿ ಸಿಕ್ಕವನ ಕಡೆಗಂತೂ ಬರುವುದಿಲ್ಲ. ಟ್ರೇಡ್‌ಮಾರ್ಕ್ ಸತ್ತಿದ್ದರೂ ಚಿತ್ರ ಬದುಕಿರಬಹುದು ಎಂಬುದು ನನ್ನ ವೃತ್ತಿಯವರಿಗೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಏಟು ತಿಂದು ಗೊತ್ತು. 1998ರಲ್ಲಿ ಬೇರೆ ಊರಿನ ಗಿರಾಕಿಯೊಬ್ಬ ಮುಚ್ಚಿಹೋದ ಒಂದು ವ್ಯಾಪಾರದ ಲೇಬಲ್ ತಂದ. “ಅವರು ನಮ್ಮ ಸಂಬಂಧಿಕರೇ, ಈಗ ನಾವು ನಡೆಸುತ್ತೇವೆ” ಎಂದ. ಕಾಗದ ಪತ್ರ ಕೇಳಲಿಲ್ಲ. ಮುಂಗಡ ಕೊಟ್ಟಿದ್ದನಲ್ಲ, ಕಣ್ಣು ಅಲ್ಲೇ ಇತ್ತು. ನಲವತ್ತು ಸಾವಿರ ಲೇಬಲ್ ಅಚ್ಚಾಗಿ ಒಣಗುತ್ತಿದ್ದಾಗ ನ್ಯಾಯಾಲಯದ ಕಮಿಷನರ್, ಎದುರು ಪಕ್ಷದ ವಕೀಲರು, ಜೊತೆಗೆ ಒಬ್ಬ ಪೇದೆ ಬಂದು ನಿಂತರು. ಹಳೆಯ ಮಾಲೀಕರ ಹೆಂಡತಿ ಆ ಹೆಸರನ್ನು ಅದಕ್ಕೂ ಎರಡು ವರ್ಷ ಮೊದಲೇ ಇನ್ನೊಬ್ಬರಿಗೆ ಬರೆದುಕೊಟ್ಟಿದ್ದರು. ಲೇಬಲ್, ಪ್ಲೇಟು, ಪಾಸಿಟಿವ್ ಫಿಲ್ಮು ಎಲ್ಲ ಪಟ್ಟಿಯಾಗಿ ಗೋಣಿಚೀಲ ಸೇರಿದವು. ಗಿರಾಕಿ ಫೋನು ತೆಗೆಯಲಿಲ್ಲ. ನಾನು ಮೂರು ವರ್ಷ ವಾಯಿದೆಗೆ ಅಲೆದೆ. ಅಮ್ಮನ ಕಣ್ಣಿನ ಆಪರೇಷನ್‌ಗೆಂದು ಇಟ್ಟಿದ್ದ ದುಡ್ಡು ವಕೀಲರ ಫೀಸಿಗೆ ಹೋಯಿತು. ಕೊನೆಗೆ ರಾಜಿಯಾಯಿತು.

ಆಗ ನಮ್ಮ ವಕೀಲರು ಹೇಳಿದ್ದನ್ನು ಈಗಿನ ಕಾಯ್ದೆ ಇನ್ನೂ ಖಡಕ್ಕಾಗಿ ಹೇಳುತ್ತದೆ. ಅನುಮತಿ ಇಲ್ಲ ಎಂದು ಗೊತ್ತಿದ್ದೂ, ಇಲ್ಲವೇ ಹಾಗೆಂದು ಅನುಮಾನಿಸಲು ಕಾರಣವಿದ್ದೂ, ನೋಂದಾಯಿತ ಗುರುತನ್ನು ಲೇಬಲಿಗೋ ಪೊಟ್ಟಣಕ್ಕೋ ಹಾಕಿಕೊಟ್ಟವನು ಕೂಡ 29ನೇ ಕಲಮಿನ ಏಳನೇ ಉಪಕಲಮಿನಂತೆ ಹಕ್ಕು ಉಲ್ಲಂಘಿಸಿದವನೇ. 103ನೇ ಕಲಮಂತೂ ನಮ್ಮಂಥವರನ್ನು ಎದುರಿಗೆ ಕೂರಿಸಿಕೊಂಡೇ ಬರೆದಂತಿದೆ. ಸುಳ್ಳು ಗುರುತು ಮಾಡಲೆಂದು ಅಚ್ಚು, ಬ್ಲಾಕು, ಪ್ಲೇಟು ತಯಾರಿಸಿದರೂ ಸರಿ, ಇಟ್ಟುಕೊಂಡರೂ ಸರಿ, ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಪ್ರೆಸ್ಸಿನ ಮಿತ್ರರು ಇದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಲಿ, ಲಕ್ಷ್ಮಿಯ ಪಟದ ಪಕ್ಕದಲ್ಲೇ.

ಮತ್ತೆ ಹುಡುಗನ ಕಡೆಗೆ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ದಾಖಲೆಯನ್ನು ಈಗ ಮನೆಯಲ್ಲೇ ಕೂತು, ದುಡ್ಡಿಲ್ಲದೆ ನೋಡಬಹುದು. ಕರ್ನಾಟಕದ ಅರ್ಜಿಗಳೆಲ್ಲ ಚೆನ್ನೈ ಕಚೇರಿಗೆ ಸೇರಿದವು. ಅಲ್ಲಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಊದುಬತ್ತಿ ಮೂರನೇ ವರ್ಗದಲ್ಲಿ ಬರುತ್ತದೆ. ಹುಡುಗ ಮೊಬೈಲಿನಲ್ಲೇ ಹುಡುಕಿದ. ಹೆಸರು ಸಿಕ್ಕಿತು. ನವೀಕರಣವಾಗದೆ ತೆಗೆದುಹಾಕಲಾಗಿದೆ ಎಂದಿತ್ತು. ಅವನ ಮುಖ ಅರಳಿತು, “ನೋಡಿದಿರಾ ಸಾರ್!” ಎಂದ.

ನೋಡಿದೆ. 1958ರ ಕಾಯ್ದೆಯಲ್ಲಿ ಏಳು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು, ಈಗ ಹತ್ತು ವರ್ಷಕ್ಕೊಮ್ಮೆ. ಶುಲ್ಕ ಕಟ್ಟದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಹಾಗೆ ಹೋದ ಮೇಲೂ, ತೆಗೆದುಹಾಕಿದ ದಿನದಿಂದ ಒಂದು ವರ್ಷದವರೆಗೆ, ಬೇರೆಯವರು ಅದೇ ಹೆಸರಿಗೆ ಅರ್ಜಿ ಹಾಕಿದಾಗ ಅದು ಪಟ್ಟಿಯಲ್ಲಿ ಇದೆ ಎಂದೇ ಸಾಮಾನ್ಯವಾಗಿ ಲೆಕ್ಕ. ಇಲ್ಲಿ ಆ ಅವಧಿ ಎಂದೋ ಕಳೆದಿದೆ, ನಿಜ. ಆದರೆ ಹೆಸರಿನ ಹಕ್ಕು ಹುಟ್ಟುವುದು ನೋಂದಣಿಯಿಂದಲ್ಲ, ಬಳಕೆಯಿಂದ. ನೋಂದಣಿ ಬರೀ ಅದರ ರಸೀತಿ. ರಸೀತಿ ಕಳೆದುಹೋದ ಮಾತ್ರಕ್ಕೆ ಸಾಲ ತೀರುವುದಿಲ್ಲ. ನೋಂದಣಿಯಿಲ್ಲದ ಹೆಸರಿಗೂ, ತನ್ನ ಸರಕನ್ನು ಇನ್ನೊಬ್ಬರ ಸರಕೆಂದು ದಾಟಿಸುವುದರ ವಿರುದ್ಧ ದಾವೆ ಹೂಡುವ ಹಕ್ಕನ್ನು 27ನೇ ಕಲಮು ಉಳಿಸಿದೆ. ಮೊದಲು ಬಳಸಿದವರ ಹಕ್ಕು ಆಮೇಲೆ ನೋಂದಾಯಿಸಿದವರ ಹಕ್ಕಿಗಿಂತ ಮೇಲು ಎಂದು ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಹಲ್ವಾಗೂ ಇಷ್ಟು ದೂರದ ನ್ಯಾಯ ಬೇಕಾಯಿತು ನೋಡಿ.

ಹಾಗಾದರೆ ಎಷ್ಟು ವರ್ಷ ಸುಮ್ಮನಿದ್ದರೆ ಹೆಸರು ಸಾಯುತ್ತದೆ? ಹುಡುಗ ಇದನ್ನೇ ಮತ್ತೆ ಮತ್ತೆ ಕೇಳಿದ. ನೋಂದಣಿ ಇನ್ನೂ ಜೀವಂತವಾಗಿರುವ ಹೆಸರನ್ನು ಐದು ವರ್ಷ ಮತ್ತು ಮೂರು ತಿಂಗಳು ಬಳಸದೆ ಬಿಟ್ಟಿದ್ದರೆ ಅದನ್ನು ತೆಗೆಸಿ ಎಂದು 47ನೇ ಕಲಮಿನಡಿ ಕೇಳಬಹುದು. ಕೇಳಬಹುದು ಎಂದೆ, ತಾನಾಗಿ ಹೋಗುತ್ತದೆ ಎನ್ನಲಿಲ್ಲ. ವ್ಯಾಪಾರದ ವಿಶೇಷ ಪರಿಸ್ಥಿತಿಯಿಂದ ಬಳಸಲಾಗಲಿಲ್ಲ ಎಂದು ಎದುರಿನವರು ತೋರಿಸಿದರೆ ಹೆಸರು ಉಳಿಯುತ್ತದೆ. ಆಸ್ಟ್ರೇಲಿಯಾದ ಹಾರ್ಡಿ ಟ್ರೇಡಿಂಗ್ ಎಂಬ ಕಂಪನಿಯ ಬಣ್ಣಗಳ ಗುರುತಿನ ವಿಚಾರದಲ್ಲಿ ಹಾಗೆಯೇ ಆಯಿತು. ಆಮದಿನ ನಿರ್ಬಂಧಗಳಿಂದ ಸರಕು ಇಲ್ಲಿಗೆ ಬರಲಾಗಲಿಲ್ಲ, ಹೆಸರನ್ನು ಕೈಬಿಡುವ ಇರಾದೆ ಅವರಿಗಿರಲಿಲ್ಲ ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಬಳಸದಿರುವುದು ಬೇರೆ, ಬಿಟ್ಟುಕೊಡುವುದು ಬೇರೆ. ಅಟ್ಟದ ಮೇಲೆ ಹಾಕಿದ ತೊಟ್ಟಿಲು ಮತ್ತು ಗುಜರಿಗೆ ಹಾಕಿದ ತೊಟ್ಟಿಲಿಗೆ ಇರುವಷ್ಟು ವ್ಯತ್ಯಾಸ.

ಇದು ಎಷ್ಟು ಸಿಕ್ಕಿನ ವಿಷಯ ಎಂದು ತಿಳಿಯಲು ನಾವು ಮೈಸೂರಿನವರು ಎಲ್ಲಿಗೂ ಹೋಗಬೇಕಾಗಿಲ್ಲ, ಯಾದವಗಿರಿಗೆ ಹೋದರೆ ಸಾಕು. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಅಲ್ಲಿ. 1961ರಿಂದ ಜಾವಾ ಬೈಕು, 1973ರಿಂದ ಯೆಜ್ಡಿ. 1996ರಲ್ಲಿ ಬಾಗಿಲು ಮುಚ್ಚಿತು. ನಮ್ಮ ಬೀದಿಯಲ್ಲೇ ಆ ಕಾರ್ಖಾನೆಯ ಇಬ್ಬರಿದ್ದರು. ಮುಚ್ಚಿದ ಎಷ್ಟೋ ವರ್ಷದ ಮೇಲೂ, ದೂರದಲ್ಲಿ ಬೈಕಿನ ಸದ್ದು ಕೇಳಿದರೆ ಮಾತು ನಿಲ್ಲಿಸಿ ಇದು ಇಂಥ ಮಾದರಿ ಎನ್ನುತ್ತಿದ್ದರು. ಆಮೇಲೆ ಕ್ಲಾಸಿಕ್ ಲೆಜೆಂಡ್ಸ್ ಎಂಬ ಹೊಸ ಕಂಪನಿ ಬಂತು. ಮಹೀಂದ್ರಾದವರ ಬಂಡವಾಳ, ಐಡಿಯಲ್ ಜಾವಾ ಸ್ಥಾಪಿಸಿದ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರೂ ಪಾಲುದಾರರು. 2018ರ ನವೆಂಬರ್‌ನಲ್ಲಿ ಜಾವಾ ಮತ್ತೆ ರಸ್ತೆಗೆ ಬಂತು, 2022ರ ಜನವರಿಯಲ್ಲಿ ಯೆಜ್ಡಿ.

ಅಕ್ಕತಂಗಿಯರಂತಿದ್ದ ಆ ಎರಡು ಹೆಸರುಗಳ ಜಾತಕವೇ ಬೇರೆ ಬೇರೆ. ಜಾವಾ ಮೂಲದಲ್ಲಿ ಜೆಕ್ ದೇಶದ್ದು. ಅಲ್ಲಿಯ ಕಂಪನಿ ಬದುಕಿದೆ, ಅದರಿಂದ ಪರವಾನಗಿ ಪಡೆದರೆ ಮುಗಿಯಿತು. ಯೆಜ್ಡಿ ನಮ್ಮಲ್ಲೇ ಹುಟ್ಟಿದ ಹೆಸರು, ಹೆತ್ತ ಕಂಪನಿ ಹೈಕೋರ್ಟಿನ ಮೂಲಕ ಸಮಾಪನಕ್ಕೆ, ಅಂದರೆ ಆಸ್ತಿ ಮಾರಿ ಸಾಲ ತೀರಿಸಿ ಕಂಪನಿಯ ಲೆಕ್ಕ ಮುಗಿಸುವ ಕ್ರಮಕ್ಕೆ, ಹೋಗಿತ್ತು. ಸಂಸ್ಥಾಪಕರ ಮಗ ತನ್ನ ಹೆಸರಿನಲ್ಲಿ ಮಾಡಿಸಿದ ನೋಂದಣಿ ಸಿಂಧುವೋ, ಹೆಸರು ಇನ್ನೂ ಸಮಾಪನದಲ್ಲಿರುವ ಕಂಪನಿಯ ಆಸ್ತಿಯೋ? 2022ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಅದು ಕಂಪನಿಯದೇ ಎಂದು ತೀರ್ಪು ಕೊಟ್ಟಿತು. ಆಗ ಹೊಸ ಯೆಜ್ಡಿ ಮಾರುಕಟ್ಟೆಗೆ ಬಂದು ವರ್ಷ ತುಂಬುತ್ತಿತ್ತು. ಮೇಲ್ಮನವಿ ಹೋಯಿತು. 2025ರ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ರದ್ದುಪಡಿಸಿತು. ಅದೇ ಹೈಕೋರ್ಟು, ಅದೇ ಕಾಗದ ಪತ್ರ, ಎರಡು ಉತ್ತರ. ಸಂಸ್ಥಾಪಕರ ಮಗನಿಗೇ, ಹಿಂದೆ ದೊಡ್ಡ ಬಂಡವಾಳ ಇದ್ದವರಿಗೇ ಇಷ್ಟು ವರ್ಷ ನೆತ್ತಿಯ ಮೇಲೆ ಕತ್ತಿ ತೂಗಿದರೆ, ನಂಜನಗೂಡಿನಿಂದ ಬಸ್ಸಿನಲ್ಲಿ ಬಂದ ಹುಡುಗನ ಗತಿ ಏನು? ನಿಮ್ಮ ಲೇಖಕರು ‘ಕೇಳುವವರಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರಲ್ಲ, ಅದಕ್ಕೇ ನನ್ನ ಸಿಟ್ಟು.

ಮುಚ್ಚಿದ್ದೆಲ್ಲ ಸತ್ತದ್ದೂ ಅಲ್ಲ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಆದರೆ ತಾಯಿ ಕಂಪನಿಯಾದ ಎಚ್‌ಎಂಟಿ ಲಿಮಿಟೆಡ್ ಬದುಕೇ ಇದೆ. ‘ಜನತಾ’, ‘ಪೈಲಟ್’ ಎಂದು ಡಯಲು ಬರೆಸಿ ಗಡಿಯಾರ ಮಾರುವವರಿಗೆ ಇದು ಗೊತ್ತಿಲ್ಲವೋ, ಗೊತ್ತಿದ್ದೂ ಧೈರ್ಯವೋ! ಕ್ಯಾಂಪಾ ಕೋಲಾ ನೋಡಿ, ಅಂಗಡಿಗಳಿಂದ ಎಂದೋ ಮಾಯವಾಗಿತ್ತು. ಅಷ್ಟು ದೊಡ್ಡ ರಿಲಯನ್ಸ್ ಕೂಡ ಪುಕ್ಕಟೆ ಎತ್ತಿಕೊಳ್ಳಲಿಲ್ಲ, 2022ರಲ್ಲಿ ಪ್ಯೂರ್ ಡ್ರಿಂಕ್ಸ್‌ನವರಿಗೆ ಸುಮಾರು 22 ಕೋಟಿ ರೂಪಾಯಿ ಕೊಟ್ಟು ಕೊಂಡು, ಆಮೇಲೆ ಬಾಟಲಿಗೆ ತುಂಬಿತು. ಇದಕ್ಕೆ ತದ್ವಿರುದ್ಧ ನಮ್ಮ ಕಿಂಗ್‌ಫಿಷರ್ ವಿಮಾನದ ಕಥೆ. 2012ರಲ್ಲಿ ಹಾರಾಟ ನಿಂತಿತು. ಸಾಲಕ್ಕೆ ಅಡವಿಟ್ಟಿದ್ದ ಹೆಸರು, ಗುರುತುಗಳನ್ನು ಬ್ಯಾಂಕುಗಳು 2016ರ ಏಪ್ರಿಲ್ 30ರಂದು 366.70 ಕೋಟಿ ರೂಪಾಯಿ ಕನಿಷ್ಠ ಬೆಲೆಗೆ ಹರಾಜಿಗಿಟ್ಟವು. ಒಬ್ಬರೂ ಕೂಗಲಿಲ್ಲ. ಹಾಗೆಂದು ಮಾರನೆಯ ದಿನ ಯಾರಾದರೂ ಆ ಹೆಸರಿನಲ್ಲಿ ಟ್ರಾವೆಲ್ಸ್ ತೆರೆಯಲು ಬರುತ್ತಿರಲಿಲ್ಲ. ಕೊಳ್ಳುವವರಿಲ್ಲದ ಆಸ್ತಿಗೂ ಒಡೆಯರಿರುತ್ತಾರೆ.

ಒಡೆಯರೇ ಇಲ್ಲದಿದ್ದರೆ? ಅದಕ್ಕೂ ನಮ್ಮ ಸಂವಿಧಾನದಲ್ಲಿ ಉತ್ತರವಿದೆ. ವಾರಸುದಾರರಿಲ್ಲದ ಆಸ್ತಿ 296ನೇ ವಿಧಿಯಂತೆ ಸರ್ಕಾರಕ್ಕೆ ಸೇರುತ್ತದೆ. ವಿಸರ್ಜನೆಯಾದ ಕಂಪನಿಯ ಉಳಿದ ಆಸ್ತಿಯೂ ಹೀಗೆಯೇ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಕಂಪನಿಗಳ ರಿಜಿಸ್ಟ್ರಾರರು ತಮ್ಮ ಪಟ್ಟಿಯಿಂದ ತೆಗೆದುಹಾಕಿದ ಕಂಪನಿಗಳಲ್ಲಿ ಇನ್ನೊಂದು ಸೋಜಿಗ. ಅವುಗಳ ಸದಸ್ಯರೋ, ಸಾಲ ಕೊಟ್ಟವರೋ, ಕಾರ್ಮಿಕರೋ 20 ವರ್ಷದೊಳಗೆ ನ್ಯಾಯಮಂಡಳಿಗೆ ಹೋಗಿ ಅವನ್ನು ಮತ್ತೆ ಬದುಕಿಸಬಹುದು. ಆದ್ದರಿಂದಲೇ ಅಂಥ ಕಂಪನಿಯ ಹೆಸರನ್ನು ಹೊಸ ಕಂಪನಿಗೆ ಇಡಲು 20 ವರ್ಷ ಬಿಡುವುದಿಲ್ಲ. ಸಮಾಪನದಿಂದ ವಿಸರ್ಜನೆಯಾದದ್ದಕ್ಕೆ ಎರಡು ವರ್ಷ. ತಿಥಿ ಮುಗಿದ ಮೇಲೂ ಎದ್ದು ಕೂರಬಲ್ಲವರ ಹೆಸರನ್ನು ಎತ್ತಿಕೊಳ್ಳುವ ಮುನ್ನ ಸ್ವಲ್ಪ ಯೋಚಿಸಬೇಡವೇ?

ಹುಡುಗನ ಪುಣ್ಯ, ಅವನ ಡಬ್ಬಿಯದು ಕಂಪನಿಯಲ್ಲ, ಇಬ್ಬರ ಪಾಲುದಾರಿಕೆಯ ವ್ಯಾಪಾರ. ಹಳೆಯ ಮುದ್ರಣಾದೇಶದ ಪುಸ್ತಕಗಳನ್ನು ನಾನು ಎಸೆದಿಲ್ಲ (ಮನೆಯವಳು ಇದಕ್ಕಾಗಿ ನನ್ನನ್ನು ಬಯ್ಯದ ದೀಪಾವಳಿಯಿಲ್ಲ). ಅದರಲ್ಲಿ ಇಬ್ಬರು ಪಾಲುದಾರರ ಸಹಿಯೂ ಸಿಕ್ಕಿತು. ಒಬ್ಬರ ಮಗಳು ಸರಸ್ವತಿಪುರಂನಲ್ಲಿದ್ದಾರೆ, ಇನ್ನೊಬ್ಬರ ಗಂಡುಮಕ್ಕಳು ಶಿವಮೊಗ್ಗದಲ್ಲಿ. ಪಾಲುದಾರಿಕೆ ಮುರಿದಾಗ ವ್ಯಾಪಾರದ ಹೆಸರು ಮತ್ತು ಅದರ ಗೌರವ ಕೂಡ ಲೆಕ್ಕಕ್ಕೆ ಬರುವ ಆಸ್ತಿ. ಇವರ ಲೆಕ್ಕದಲ್ಲಿ ಗಾಣ, ಒಣಗಿಸುವ ತಟ್ಟೆ, ಟೆಂಪೊ, ಮೇಜು ಕುರ್ಚಿ ಎಲ್ಲ ಹಂಚಿಕೆಯಾಗಿವೆ, ಹೆಸರನ್ನು ಯಾರೂ ಬರೆದಿಲ್ಲ. ಹಾಗಾಗಿ ಅದು ಎರಡೂ ಮನೆಗೆ ಸೇರಿದ್ದೆಂದು ವಕೀಲರು ಹೇಳಿದರು. ಎರಡೂ ಕಡೆ ಸಹಿ ಬೇಕು. ಹೆಸರನ್ನು ಅದರ ವ್ಯಾಪಾರದ ಗೌರವದ ಸಮೇತ ಬರೆಸಿಕೊಳ್ಳಬೇಕು, ಚಿತ್ರದ ಕೃತಿಸ್ವಾಮ್ಯವನ್ನು ಅದೇ ಪತ್ರದಲ್ಲಿ ಬೇರೆಯಾಗಿ ನಮೂದಿಸಬೇಕು, ಕಲಾವಿದರ ಮಗನಿಂದಲೂ ಒಂದು ಒಪ್ಪಿಗೆ ತಂದರೆ ಕ್ಷೇಮ. ಆಮೇಲೆ ಹೊಸ ಅರ್ಜಿ. ಒಬ್ಬನೇ ವ್ಯಕ್ತಿಯಾದರೆ ಆನ್‌ಲೈನಿನಲ್ಲಿ 4,500 ರೂಪಾಯಿ. ಪರೀಕ್ಷೆಯಾಗಿ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ ಆಕ್ಷೇಪಣೆಗೆ ನಾಲ್ಕು ತಿಂಗಳು. ಇದೆಲ್ಲ ಮುಗಿಯುವವರೆಗೆ ಆ ‘ಆರ್’ ಹಾಕುವಂತಿಲ್ಲ. ಪದಕ ಎಂದಿಗೂ ಹಾಕುವಂತಿಲ್ಲ.

ಸಂಪಾದಕರೇ, ಕಾನೂನು ತಿಳಿಸುವುದಷ್ಟೇ ಆಗಿದ್ದರೆ ಈ ಪತ್ರ ಬೇಕಿರಲಿಲ್ಲ. ಒಂದು ಬೇಡಿಕೆಯೂ ಇದೆ. ಕಂಪನಿ ಮುಳುಗಿದಾಗ ಜಾಗ, ಯಂತ್ರ, ತಗಡಿನ ಚಾವಣಿಯನ್ನು ಕೂಡ ಸಮಾಪಕರು ಪಟ್ಟಿ ಮಾಡಿ ಹರಾಜು ಹಾಕುತ್ತಾರೆ, ಪತ್ರಿಕೆಗಳಲ್ಲಿ ಜಾಹೀರಾತು ನೋಡುತ್ತೇವೆ. ಹೆಸರಿನ ಸುದ್ದಿ ಅಲ್ಲಿ ಕಾಣುವುದು ಅಪರೂಪ. ನವೀಕರಣದ ಶುಲ್ಕ ಒಂದು ವರ್ಗಕ್ಕೆ 9,000 ರೂಪಾಯಿ, ಅದೂ ಹತ್ತು ವರ್ಷಕ್ಕೆ. ಅಷ್ಟು ಕಟ್ಟದೆ ಬಿಟ್ಟು, ಹೆಸರಿಗೆ ಬೆಲೆ ಇದ್ದ ಕಾಲವನ್ನೆಲ್ಲ ನಿದ್ದೆಯಲ್ಲಿ ಕಳೆದರೆ, ಕಳೆದುಕೊಳ್ಳುವವರು ಯಾರು? ಮಾರಿದ್ದರೆ ಬಂದ ದುಡ್ಡಿನಲ್ಲಿ ಸಂಬಳ ಬಾಕಿ ಇರುವ ಕಾರ್ಮಿಕರಿಗೂ ಪಾಲಿತ್ತು. ಸಮಾಪನಕ್ಕೆ ಬಂದ ಪ್ರತಿ ಕಂಪನಿಯ ಹೆಸರು, ಗುರುತುಗಳ ಪಟ್ಟಿಯನ್ನು, ಯಾವುದು ಜೀವಂತ, ಯಾವುದು ಅಡವು, ಯಾವುದು ಮಾರಾಟ ಎಂಬ ವಿವರದೊಂದಿಗೆ, ಕನ್ನಡದಲ್ಲಿಯೂ ಸಾರ್ವಜನಿಕವಾಗಿ ಇಡುವಂತೆ ಸರ್ಕಾರ ನಿಯಮ ಮಾಡಲಿ. ಆಗ ಹುಡುಗರು ಕಳ್ಳರಾಗಬೇಕಾಗಿಲ್ಲ, ಗಿರಾಕಿಗಳಾಗಬಹುದು. ನಿಮ್ಮ ಪತ್ರಿಕೆ ಇಂಥ ಬರಹ ಹಾಕುವಾಗ ಲೇಬಲಿನ ಚಿತ್ರದ ಕೆಳಗೆ ಈಗ ಹಕ್ಕುದಾರರು ಯಾರು ಎಂದು ವಿಚಾರಿಸಿ ಒಂದು ಸಾಲು ಹಾಕಿದರೂ ಉಪಕಾರ.

ಶಿವಮೊಗ್ಗದವರು ಫೋನಿನಲ್ಲೇ ಒಪ್ಪಿದರು, ಹಣದ ಮಾತೂ ಬೇಗ ಮುಗಿಯಿತು. ಸರಸ್ವತಿಪುರಂನ ತಾಯಿ ಅಷ್ಟು ಸುಲಭವಲ್ಲ. ನಾನೇ ಹುಡುಗನನ್ನು ಕರೆದುಕೊಂಡು ಹೋದೆ. ಕಾಫಿ ಕೊಟ್ಟರು. ಕರಾರುಪತ್ರದ ಕರಡನ್ನು ಓದದೆ ಪಕ್ಕಕ್ಕಿಟ್ಟು, “ಬತ್ತಿ ತಂದಿದ್ದೀಯೇನಪ್ಪ?” ಎಂದು ಕೇಳಿದರು. ತಂದಿದ್ದ. ಹಚ್ಚಿ, ಕಿಟಕಿ ಮುಚ್ಚಿ, ಅಷ್ಟು ದೂರದಲ್ಲಿ ಕೂತರು. ಅರ್ಧ ಉರಿಯುವವರೆಗೆ ಯಾರೂ ಮಾತನಾಡಲಿಲ್ಲ. “ಅಪ್ಪ ಹಾಲುಮಡ್ಡಿ ಇಷ್ಟು ಕಡಿಮೆ ಹಾಕುತ್ತಿರಲಿಲ್ಲ. ಈ ವಾಸನೆಗೆ ಆ ಹೆಸರು ಬೇಡ” ಎಂದರು. ಹುಡುಗ ಡಬ್ಬಿ ಎತ್ತಿಕೊಂಡು ಬಂದ. ಎರಡನೆಯ ಮಾದರಿಯನ್ನೂ ಅವರು ಒಪ್ಪಲಿಲ್ಲ, ಆದರೆ ಈ ಸಲ ಪೂರ್ತಿ ಉರಿಯುವವರೆಗೆ ಕೂತಿದ್ದರು. ಬರುವ ಗುರುವಾರ ಮೂರನೆಯದನ್ನು ಒಯ್ಯುತ್ತಿದ್ದೇವೆ. ಪ್ಲೇಟು ಇನ್ನೂ ಮಾಡಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ಲೇಬಲ್ ಮುದ್ರಕ
ಶಿವರಾಂಪೇಟೆ, ಮೈಸೂರು